ಮರುಹುಟ್ಟಿನ ಕಥೆಗೆ ಎಳೆಯ ಒಡೆಯನನ್ನು ರೂಪಿಸುವ ಬಗೆ

ಮರುಹುಟ್ಟಿನ ಕಾಲ್ಪನಿಕ ಕಥೆಗಳು ಬಹುಮಟ್ಟಿಗೆ ಸೋಲುವುದು ಮೂರನೆಯ ಅಧ್ಯಾಯದಲ್ಲಿ. ಮೊದಲನೆಯದರಲ್ಲಿ ಒಬ್ಬ ಸಾಯುತ್ತಾನೆ, ಎರಡನೆಯದರಲ್ಲಿ ಸಿರಿವಂತ ಮನೆತನವೊಂದರ ತೊಟ್ಟಿಲಲ್ಲಿ ಕಣ್ಣು ಬಿಡುತ್ತಾನೆ. ಮೂರನೆಯದರ ಹೊತ್ತಿಗೆ ಆ ಮೂರು ವರ್ಷದ ಕೂಸು ಗ್ರಂಥಾಲಯವನ್ನೆಲ್ಲ ಓದಿ ಮುಗಿಸಿ, ಮಂತ್ರವಿದ್ಯೆಯಲ್ಲಿ ಗುರುವನ್ನು ಮೀರಿಸಿ, ಅಪ್ಪನ ಸಭೆಗೆ ಬುದ್ಧಿ ಹೇಳುತ್ತಿರುತ್ತದೆ. ಅಲ್ಲಿಂದ ಮುಂದೆ ನೂರು ಅಧ್ಯಾಯ ಬರೆದರೂ ಓದುಗರಿಗೆ ಆತಂಕವೆಂಬುದು ಹುಟ್ಟುವುದಿಲ್ಲ. ಏನೇ ಬಂದರೂ ಹುಡುಗ ಗೆಲ್ಲುತ್ತಾನೆಂದು ಅವರಿಗೆ ಗೊತ್ತಾಗಿಬಿಟ್ಟಿದೆ.

ಜಪಾನಿನಲ್ಲಿ ‘ಇಸೆಕೈ’, ಅಂದರೆ ‘ಬೇರೊಂದು ಲೋಕ’, ಎಂದು ಕರೆಯುವ ಈ ಪ್ರಕಾರ ಹವ್ಯಾಸಿ ಬರಹಗಾರರ ಕೈಯಲ್ಲೇ ಹುಲುಸಾಗಿ ಬೆಳೆಯಿತು. 2004ರಲ್ಲಿ ಆರಂಭವಾದ ‘ಶೋಸೆತ್ಸುಕಾ ನಿ ನಾರೋ’ ಎಂಬ ತಾಣದಲ್ಲಿ ಯಾರು ಬೇಕಾದರೂ ಕಂತುಗಳಲ್ಲಿ ಕಥೆ ಪ್ರಕಟಿಸಬಹುದು. ಹಾಗಾಗಿ ಇದು ದೊಡ್ಡ ಲೇಖಕರಿಗೆ ಮೀಸಲಾದ ಪ್ರಕಾರವಲ್ಲ. ನೀವೂ ಇಂದೇ ಶುರು ಮಾಡಬಹುದು. ಆದರೆ ಶುರು ಮಾಡುವ ಮುನ್ನ ನಾಯಕನನ್ನು ಕಟ್ಟಿಕೊಳ್ಳಬೇಕು. ಈ ಲೇಖನ ಅದಕ್ಕೆಂದೇ ಇದೆ. ಇದರ ಹಿಂದಿರುವ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹಳೆಯ ಜನ್ಮದ ನೆನಪನ್ನಾಗಲಿ ಹೊಸ ಜನ್ಮದ ಮನೆತನವನ್ನಾಗಲಿ ವರವೆಂದು ಬರೆಯಬೇಡಿ, ಋಣವೆಂದು ಬರೆಯಿರಿ. ಎರಡನ್ನೂ ಆ ಹುಡುಗ ಸಂಪಾದಿಸಿದ್ದಲ್ಲ. ಎರಡಕ್ಕೂ ಬೇರೆ ಯಾರೋ ಬೆಲೆ ತೆತ್ತಿದ್ದಾರೆ.

ಮೊದಲ ಹೆಜ್ಜೆ: ಇದು ಯಾವ ಬಗೆಯ ಮರುಹುಟ್ಟು?

ನಮ್ಮ ಭಾಷೆಯಲ್ಲಿ ಇದಕ್ಕೆ ಮೂರು ಬೇರೆ ಬೇರೆ ಪದಗಳಿವೆ. ಮೂರೂ ಮೂರು ಬೇರೆ ಕಥೆಗಳನ್ನು ಬೇಡುತ್ತವೆ.

ಪುನರ್ಜನ್ಮವೆಂದರೆ ಸತ್ತವನೇ ಮತ್ತೆ ಬಸಿರಿಗೆ ಬಂದು ಹುಟ್ಟಿದ್ದು. ಆ ಮೈ ಅವನದೇ, ಆ ತಾಯಿ ಅವನ ತಾಯಿಯೇ. ಪರಕಾಯ ಪ್ರವೇಶವೆಂದರೆ ಈಗಾಗಲೇ ಬದುಕಿದ್ದ ಹುಡುಗನ ಮೈಯೊಳಗೆ ಇನ್ನೊಂದು ಜೀವ ಬಂದು ಸೇರಿದ್ದು. ಜ್ವರದಲ್ಲಿ ಮಲಗಿದ್ದ ಏಳು ವರ್ಷದ ಹುಡುಗ ಕಣ್ಣು ಬಿಟ್ಟಾಗ ಒಳಗಿರುವವನು ಬೇರೆ ಎಂಬ ಕಥೆಗಳೆಲ್ಲ ಈ ಜಾತಿಯವು. ಜಾತಿಸ್ಮರಣೆಯೆಂದರೆ ಹುಟ್ಟಿ ಬೆಳೆದ ಮೇಲೆ ಯಾವುದೋ ಒಂದು ನೋಟದಿಂದ ಹಿಂದಿನ ಭವ ನೆನಪಾಗುವುದು.

ಎರಡನೆಯದನ್ನು ಆರಿಸಿಕೊಂಡರೆ ಒಂದು ಪ್ರಶ್ನೆಯಿಂದ ನೀವು ತಪ್ಪಿಸಿಕೊಳ್ಳುವಂತಿಲ್ಲ. ಆ ಮೈಯಲ್ಲಿದ್ದ ಮೊದಲ ಮಗು ಎಲ್ಲಿ ಹೋಯಿತು? ತಾಯಿ ಮಗನನ್ನು ಕಳೆದುಕೊಂಡಿದ್ದಾಳೆ, ಅದು ಅವಳಿಗೆ ಗೊತ್ತಿಲ್ಲ, ಕಳೆದುಕೊಂಡವನ ಮೈಯನ್ನೇ ಅಪ್ಪಿಕೊಂಡು ಮುದ್ದಿಸುತ್ತಿದ್ದಾಳೆ. ಎಷ್ಟೋ ಕಥೆಗಳು ಇದನ್ನು ಒಂದು ಸಾಲಿನಲ್ಲಿ ದಾಟಿ ಮುಂದೆ ಹೋಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಲ್ಲೇ ಒಂದು ಇಡೀ ಕಾದಂಬರಿ ಇದೆ.

ಮೂರನೆಯದನ್ನು ಕನ್ನಡ ಕಾವ್ಯ ಸಾವಿರ ವರ್ಷದಿಂದ ಬಲ್ಲದು. ಪಂಪ 941ರಲ್ಲಿ ಬರೆದ ಆದಿಪುರಾಣದ ಶ್ರೀಮತಿ ಚಕ್ರವರ್ತಿಯ ಮಗಳು. ಆಕಾಶದಲ್ಲಿ ಹೋಗುತ್ತಿದ್ದ ದೇವತೆಗಳನ್ನು ಕಂಡೊಡನೆ ಹಿಂದಿನ ಜನ್ಮದ ಇನಿಯ ಲಲಿತಾಂಗನ ನೆನಪು ಬಂದು ಮೂರ್ಛೆ ಹೋಗುತ್ತಾಳೆ. ಆ ನೆನಪು ಅವಳಿಗೆ ಯಾವ ಬಲವನ್ನೂ ಕೊಡುವುದಿಲ್ಲ, ಕಳೆದುಕೊಂಡದ್ದೇನೆಂಬ ಅರಿವನ್ನಷ್ಟೇ ಕೊಡುತ್ತದೆ. ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಅಭಯರುಚಿ, ಅಭಯಮತಿ ಎಂಬ ಇಬ್ಬರು ಎಳೆಯರು ಬಲಿಗೆಂದು ಮಾರಿದತ್ತನೆಂಬ ಅರಸನ ಮುಂದೆ ನಿಂತು, ತಾವು ದಾಟಿ ಬಂದ ಜನ್ಮಗಳನ್ನು ನಿರಾಳವಾಗಿ ಹೇಳುತ್ತಾರೆ. ಹಿಂದೆ ಯಶೋಧರನೆಂಬ ಅರಸನಾಗಿದ್ದವನು ಈಗ ತನ್ನ ಮಗನಿಗೇ ಮಗನಾಗಿ ಹುಟ್ಟಿದ್ದಾನೆ. ಅಂದು ತಾಯಿಯಾಗಿದ್ದ ಚಂದ್ರಮತಿ ಇಂದು ಒಡಹುಟ್ಟಿದವಳು. ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟ ಸಂಕಲ್ಪದ ಫಲವನ್ನು ಅವರು ಅಷ್ಟೂ ಜನ್ಮಗಳಲ್ಲಿ ಉಂಡಿದ್ದಾರೆ. ರಾಜಮನೆತನದ ಮಕ್ಕಳು, ಮರುಹುಟ್ಟು, ನೆನಪು ಎಲ್ಲವೂ ಅಲ್ಲಿವೆ. ಆದರೆ ನೆನಪು ಅಲ್ಲಿ ಆಯುಧವಲ್ಲ. ಈ ಪ್ರಕಾರಕ್ಕೆ ಕೈಹಾಕುವ ಕನ್ನಡ ಬರಹಗಾರರು ಬರಿಗೈಯಲ್ಲಿ ಬಂದವರಲ್ಲ ಎಂಬುದನ್ನು ಮರೆಯಬೇಡಿ.

ಎರಡನೆಯ ಹೆಜ್ಜೆ: ಹಿಂದಿನ ಬದುಕನ್ನು ಕಿರಿದಾಗಿಸಿ

ಒಂದು ಕಸುಬು, ಒಂದು ಗಾಯ, ಒಂದು ಅಭ್ಯಾಸ. ಇಷ್ಟು ಸಾಕು. ವಿಜ್ಞಾನಿಯೂ ಸೈನಿಕನೂ ಬಾಣಸಿಗನೂ ಆಗಿದ್ದವನು ನಾಯಕನಾದರೆ ಅವನು ವಿಶ್ವಕೋಶವಾಗುತ್ತಾನೆ, ಮನುಷ್ಯನಾಗುವುದಿಲ್ಲ.

ಈ ಲೇಖನದುದ್ದಕ್ಕೂ ಒಬ್ಬ ಹುಡುಗನನ್ನು ಜೊತೆಗಿಟ್ಟುಕೊಳ್ಳೋಣ. ಹೆಸರು ಎಲಾರ. ಹಿಂದಿನ ಬದುಕಿನಲ್ಲಿ ನಲವತ್ತಾರು ವರ್ಷದ ಲೆಕ್ಕಪರಿಶೋಧಕ. ಗಾಯವೇನೆಂದರೆ, ಸುಳ್ಳೆಂದು ತಿಳಿದಿದ್ದೂ ಒಂದು ಲೆಕ್ಕಕ್ಕೆ ಸಹಿ ಹಾಕಿದ್ದ. ಅದರಿಂದ ಹತ್ತಾರು ಕುಟುಂಬಗಳು ಬೀದಿಗೆ ಬಿದ್ದವು. ಅಭ್ಯಾಸವೇನೆಂದರೆ, ಯಾವ ಅಂಕಿ ಕಂಡರೂ ಮನಸ್ಸಿನಲ್ಲೇ ಎರಡು ಸಲ ಕೂಡುತ್ತಾನೆ. ಹೊಸ ಬದುಕಿನಲ್ಲಿ ಅವನು ಗಡಿಸೀಮೆಯ ಸಣ್ಣ ಒಡೆತನವೊಂದರ ಎರಡನೆಯ ಮಗ. ಸಾವು ಹೇಗಾಯಿತೆಂದು ಎರಡು ಸಾಲಿನಲ್ಲಿ ಹೇಳಿ ಮುಗಿಸಿ. ಲಾರಿ ಗುದ್ದಿದ್ದನ್ನು ಎರಡು ಪುಟ ವರ್ಣಿಸಿದರೆ ಕಥೆಗೆ ಸಿಗುವುದೇನೂ ಇಲ್ಲ. ಆ ಸಹಿಯನ್ನು ಒಂದು ಪುಟ ಬರೆದರೆ ಮುಂದಿನದೆಲ್ಲಕ್ಕೂ ಬೇರು ಸಿಗುತ್ತದೆ.

ಮೂರನೆಯ ಹೆಜ್ಜೆ: ಮನೆತನದ ಕಣಜ ಎಣಿಸಿ

ಒಡೆಯರ ಮನೆಯೆಂದರೆ ತೂಗುದೀಪ, ವೆಲ್ವೆಟ್ ಪರದೆ, ಸಾಲು ಸೇವಕರು ಎಂದು ಬರೆಯುವುದು ಸುಲಭ. ಆ ದೀಪದ ಎಣ್ಣೆ ಎಲ್ಲಿಂದ ಬಂತೆಂದು ಬರೆಯುವವರು ಕಡಿಮೆ. ನೀವು ಅದನ್ನು ಬರೆಯಿರಿ.

ಮಧ್ಯಯುಗದ ಯುರೋಪನ್ನು ಮಾದರಿಯಾಗಿ ಇಟ್ಟುಕೊಳ್ಳುವುದಾದರೆ ಒಂದು ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಿ: ಒಂದು ಪಾಲು ಗೋಧಿ ಬಿತ್ತಿದರೆ ಕೈಗೆ ಬರುತ್ತಿದ್ದದ್ದು ಸುಮಾರು ಮೂರು-ನಾಲ್ಕು ಪಾಲು. ಎಲಾರನ ತಂದೆ ನೂರು ಮೂಟೆ ಬಿತ್ತಿಸುತ್ತಾನೆನ್ನಿ. ಒಳ್ಳೆಯ ವರ್ಷ ನಾನೂರು ಬರುತ್ತದೆ. ಅದರಲ್ಲಿ ನೂರು ಮುಂದಿನ ಬಿತ್ತನೆಗೆ, ಹತ್ತನೇ ಒಂದು ಭಾಗ, ಅಂದರೆ ನಲವತ್ತು, ಧರ್ಮಪೀಠಕ್ಕೆ. ಉಳಿದ ಇನ್ನೂರ ಅರುವತ್ತರಲ್ಲಿ ಮನೆಮಂದಿ, ಕಾವಲಿನವರು, ಕುದುರೆಗಳು, ಮೇಲಿನ ಅರಸನ ಕಪ್ಪ. ಕೆಟ್ಟ ವರ್ಷ ಇನ್ನೂರ ಐವತ್ತೇ ಬಂದರೆ? ಬೀಜಕ್ಕೆ ನೂರು ತೆಗೆಯಲೇಬೇಕು, ಧರ್ಮಪೀಠಕ್ಕೆ ಇಪ್ಪತ್ತೈದು, ಉಳಿಯುವುದು ನೂರ ಇಪ್ಪತ್ತೈದು. ಬೆಳೆ ಪೂರ್ತಿ ಅರ್ಧಕ್ಕೆ ಇಳಿಯುವ ಮೊದಲೇ ಮನೆಯ ಅನ್ನ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಈ ಲೆಕ್ಕವನ್ನು ನೀವೊಮ್ಮೆ ಮಾಡಿದರೆ ಮದುವೆ ಮಾತುಕತೆ, ಯುದ್ಧದ ನಿರ್ಧಾರ, ಅಣ್ಣನ ಸಿಡುಕು, ಅಮ್ಮನ ಮಾರಿದ ಒಡವೆ ಎಲ್ಲವೂ ತಾವಾಗಿಯೇ ಹುಟ್ಟಿಕೊಳ್ಳುತ್ತವೆ.

ಪದವಿಗಳ ವಿಷಯ ಬೇಗ ಮುಗಿಸುತ್ತೇನೆ. ಡ್ಯೂಕ್, ಮಾರ್ಕ್ವಿಸ್, ಕೌಂಟ್, ವೈಕೌಂಟ್, ಬ್ಯಾರನ್ ಎಂಬುದು ಮೇಲಿನಿಂದ ಕೆಳಗಿನ ಸಾಮಾನ್ಯ ಕ್ರಮ. ಮಾರ್ಕ್ವಿಸ್ ಎಂಬ ಪದವಿ ಮೂಲತಃ ಗಡಿಸೀಮೆಯನ್ನು ಕಾಯುವವನದು. ಇದರ ಬದಲು ಮಹಾಮಂಡಲೇಶ್ವರ, ಸಾಮಂತ, ಪಾಳೆಯಗಾರ ಎಂದು ನಮ್ಮ ಶಾಸನಗಳ ದಾರಿ ಹಿಡಿದರೂ ಚೆನ್ನ. ಎರಡನ್ನೂ ಬೆರೆಸಬೇಡಿ. ಜ್ಯೇಷ್ಠ ಪುತ್ರನಿಗೇ ಎಲ್ಲ ಆಸ್ತಿ ಎಂಬ ಪದ್ಧತಿ ಇದೆಯೋ ಇಲ್ಲವೋ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಇದ್ದರೆ ಎರಡನೆಯ ಮಗ ಎಲಾರ ಅಣ್ಣ ಬದುಕಿರುವ ತನಕ ಮನೆಯ ಅನ್ನ ತಿನ್ನುವ ಮತ್ತೊಂದು ಬಾಯಿ, ಅಣ್ಣ ಸತ್ತ ದಿನ ವಾರಸುದಾರ. ಊಟದ ಹಲಗೆಯ ಮುಂದೆ ಕೂತ ಎಲ್ಲರಿಗೂ ಅದು ಗೊತ್ತಿರುತ್ತದೆ.

ನಾಲ್ಕನೆಯ ಹೆಜ್ಜೆ: ಮೈಯನ್ನು ಮಗುವಿನದಾಗಿಯೇ ಬಿಡಿ

ತಲೆಯೊಳಗೆ ನಲವತ್ತಾರರ ಗಂಡಸು ಇದ್ದರೂ ಮಿದುಳು ಆರು ವರ್ಷದ್ದು. ಭಾವನೆಗಳಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆದ್ದರಿಂದ ಎಲಾರನಿಗೆ ಅಳಬಾರದೆಂದು ಗೊತ್ತಿರುತ್ತದೆ, ಆದರೂ ಅಳು ಬರುತ್ತದೆ. ಅಣ್ಣನ ಮುಂದೆ ತುಟಿ ನಡುಗುವುದು ಕಂಡು ಒಳಗಿನ ಹಿರಿಯನಿಗೆ ನಾಚಿಕೆಯಾಗುತ್ತದೆ. ಆ ನಾಚಿಕೆಗೆ ಇನ್ನಷ್ಟು ಅಳು.

ಆರರಿಂದ ಹನ್ನೆರಡರ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ರಾತ್ರಿಯಿಡೀ ಗ್ರಂಥಾಲಯದಲ್ಲಿ ಕೂರುವ ಬಾಲಕನನ್ನು ಬರೆಯುವಾಗ ಇದನ್ನು ನೆನೆಯಿರಿ. ಎಲಾರ ಮಹತ್ವದ ಮಾತುಕತೆಯೊಂದನ್ನು ಕದ್ದು ಕೇಳಲು ಮೇಜಿನ ಕೆಳಗೆ ಅಡಗುತ್ತಾನೆ; ಮಾತು ಮುಖ್ಯ ಘಟ್ಟಕ್ಕೆ ಬರುವಾಗ ನಿದ್ದೆ ಹೋಗಿರುತ್ತಾನೆ. ಆರನೇ ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲು ಬೀಳತೊಡಗುತ್ತದೆ, ಗಂಭೀರವಾದ ಮಾತು ಹಲ್ಲಿನ ಸಂದಿಯಲ್ಲಿ ತೊದಲಾಗುತ್ತದೆ. ಬೆರಳಿಗೆ ಲೇಖನಿಯ ಹಿಡಿತವಿಲ್ಲ. ಹಿಂದಿನ ಜನ್ಮದ ಅಂದವಾದ ಕೈಬರಹ ಕಣ್ಣ ಮುಂದಿದೆ, ಹಾಳೆಯ ಮೇಲೆ ಮಾತ್ರ ಮೂಡುವುದಿಲ್ಲ. ಇವೆಲ್ಲ ಅಡ್ಡಿಗಳಂತೆ ಕಾಣಬಹುದು. ನನ್ನ ಅನುಭವದಲ್ಲಿ ಓದುಗರು ನಾಯಕನನ್ನು ಪ್ರೀತಿಸಲು ತೊಡಗುವುದು ಇಂಥ ಕಡೆಗಳಲ್ಲೇ.

ಒಂದು ವಿಷಯದಲ್ಲಿ ನನಗೆ ರಾಜಿಯಿಲ್ಲ. ಹುಡುಗ ಹುಡುಗನಾಗಿರುವಷ್ಟು ಕಾಲ ಕಥೆಯಲ್ಲಿ ಪ್ರೇಮಪ್ರಸಂಗ ಬೇಡ. ಒಳಗಿರುವವನು ದೊಡ್ಡವನು ಎಂಬ ನೆಪ ಅದನ್ನು ಸರಿಮಾಡುವುದಿಲ್ಲ. ಸುತ್ತಲಿನ ಮಕ್ಕಳನ್ನು ನೆನೆದರಂತೂ ಇನ್ನಷ್ಟು ಹದಗೆಡಿಸುತ್ತದೆ. ನಿಶ್ಚಿತಾರ್ಥವೊಂದು ರಾಜಕೀಯವಾಗಿ ನಡೆದರೆ ಅದನ್ನು ಇಬ್ಬರು ಮಕ್ಕಳ ಮೇಲೆ ದೊಡ್ಡವರು ಹೇರಿದ ಹೊರೆಯಾಗಿಯೇ ಬರೆಯಿರಿ.

ಐದನೆಯ ಹೆಜ್ಜೆ: ಅವನು ಒತ್ತೆಯೂ ಹೌದು

ಒಡೆಯರ ಮಗ ಎಂದರೆ ಅಧಿಕಾರ ಉಳ್ಳವನು ಎಂದು ನಾವು ಭಾವಿಸುತ್ತೇವೆ. ಚರಿತ್ರೆ ಹೇಳುವುದು ಬೇರೆ. 1152ರಲ್ಲಿ ಇಂಗ್ಲೆಂಡಿನ ರಾಜ ಸ್ಟೀಫನ್ ನ್ಯೂಬರಿಯ ಕೋಟೆಗೆ ಮುತ್ತಿಗೆ ಹಾಕಿದಾಗ, ಕೋಟೆಯ ಒಡೆಯ ಜಾನ್ ಮಾರ್ಷಲ್ ತನ್ನ ಮಗ ವಿಲಿಯಂನನ್ನು ಒತ್ತೆಯಾಗಿ ಕೊಟ್ಟ. ಹುಡುಗನಿಗೆ ಐದಾರು ವರ್ಷ. ತಂದೆ ಮಾತು ತಪ್ಪಿದ. ಮಗನನ್ನು ಗಲ್ಲಿಗೇರಿಸುವುದಾಗಿ ರಾಜ ಬೆದರಿಸಿದಾಗ, ಇನ್ನೂ ಒಳ್ಳೆಯ ಮಕ್ಕಳನ್ನು ತಯಾರಿಸುವ ಸುತ್ತಿಗೆ ಅಡಿಗಲ್ಲು ತನ್ನ ಬಳಿ ಇವೆ ಎಂಬರ್ಥದ ಉತ್ತರ ತಂದೆಯಿಂದ ಬಂದಿತೆಂದು ಪ್ರಸಿದ್ಧಿ. ರಾಜ ಆ ಹುಡುಗನನ್ನು ಕೊಲ್ಲಲಾರದೆ ಉಳಿಸಿದ. ಅದೇ ವಿಲಿಯಂ ಬೆಳೆದು ಹೆಸರಾಂತ ಯೋಧನಾಗಿ, 1216ರಲ್ಲಿ ಒಂಬತ್ತನೇ ವರ್ಷಕ್ಕೆ ಪಟ್ಟವೇರಿದ ಮೂರನೇ ಹೆನ್ರಿಯ ಪರವಾಗಿ ರಾಜ್ಯವಾಳಿದ. ಒತ್ತೆಯಾಗಿದ್ದ ಮಗು ಮುದುಕನಾಗಿ ಇನ್ನೊಂದು ಮಗುವನ್ನು ಕಾದ. ಇದಕ್ಕಿಂತ ದೊಡ್ಡ ಕಥೆಯನ್ನು ಕಲ್ಪಿಸುವುದು ಕಷ್ಟ.

ತಂದೆ ಸತ್ತರೆ ಎಳೆಯ ವಾರಸುದಾರನ ಜಮೀನು ಪಾಲಕನ ಕೈಗೆ ಹೋಗುತ್ತಿತ್ತು. 1215ರ ಮ್ಯಾಗ್ನಾ ಕಾರ್ಟಾ ಎಂಬ ಇಂಗ್ಲೆಂಡಿನ ಹಕ್ಕುಪತ್ರದಲ್ಲಿ ಪಾಲಕನು ನ್ಯಾಯವಾದ ಆದಾಯವನ್ನಷ್ಟೇ ತೆಗೆಯಬೇಕು, ಆಳುಗಳನ್ನೂ ಆಸ್ತಿಯನ್ನೂ ಹಾಳುಮಾಡಬಾರದು ಎಂಬ ಕಲಮು ಸೇರಿದ್ದು ಸುಮ್ಮನೆ ಅಲ್ಲ. ಹಾಗೆ ಬಳಿದು ತಿಂದವರು ಇದ್ದುದರಿಂದ. ಏಳರ ಸುಮಾರಿಗೆ ಹುಡುಗರನ್ನು ಬೇರೊಬ್ಬ ಒಡೆಯರ ಮನೆಗೆ ಸೇವೆಗೆ ಕಳಿಸುತ್ತಿದ್ದರು, ಹದಿನಾಲ್ಕರ ಸುಮಾರಿಗೆ ಯೋಧನೊಬ್ಬನ ಹಿಂಬಾಲಕನಾಗುತ್ತಿದ್ದ, ಇಪ್ಪತ್ತೊಂದರ ಸುಮಾರಿಗೆ ತಾನೇ ವೀರದೀಕ್ಷೆ ಪಡೆಯುತ್ತಿದ್ದ. ಹೀಗೆ ಮನೆ ಬಿಡಬೇಕಾಗಿ ಬಂದರೆ ಅದು ಎಲಾರನ ಪಾಲಿಗೆ ಎರಡನೆಯ ಸಲ ಮನೆ ಕಳೆದುಕೊಂಡಂತೆ. ಅದನ್ನು ಆತುರದಲ್ಲಿ ಬರೆಯಬೇಡಿ.

ಆರನೆಯ ಹೆಜ್ಜೆ: ತಿಳಿದದ್ದು ಕೈಗೆ ಬರುವ ದಾರಿಯನ್ನು ಬಿಡಿಸಿ ನೋಡಿ

ಹೆಚ್ಚಿನ ಕಥೆಗಳು ಕುಸಿಯುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನಾಯಕನಿಗೆ ಮುದ್ರಣಯಂತ್ರದ ವಿಷಯ ಗೊತ್ತು, ಹಾಗಾಗಿ ಮುದ್ರಣಯಂತ್ರ ಮಾಡುತ್ತಾನೆ ಎಂದು ಬರೆದುಬಿಡುತ್ತಾರೆ. ಹದಿನೈದನೇ ಶತಮಾನದ ನಡುವಿನಲ್ಲಿ ಗುಟೆನ್‌ಬರ್ಗ್‌ಗೆ ಬೇಕಾದದ್ದೇನು? ಸೀಸ, ತವರ, ಆಂಟಿಮನಿ ಬೆರೆಸಿದ ಲೋಹ, ಅಚ್ಚಿನಮೊಳೆಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಎರಕ ಹೊಯ್ಯುವ ಅಚ್ಚು, ಲೋಹಕ್ಕೆ ಅಂಟುವ ಎಣ್ಣೆಮಸಿ, ಸಾಕಷ್ಟು ಕಾಗದ, ಲೋಹದ ಕೆಲಸದಲ್ಲಿ ಪಳಗಿದ ಕೈ. ಎಲ್ಲಕ್ಕೂ ಮಿಗಿಲಾಗಿ ಸಾಲ. ಬೈಬಲ್ ಅಚ್ಚಾದ ಹೊತ್ತಿಗೇ, 1455ರಲ್ಲಿ, ಸಾಲ ಕೊಟ್ಟ ಫುಸ್ಟ್ ದಾವೆ ಹೂಡಿ ಗೆದ್ದ. ಯಂತ್ರ ಕಂಡುಹಿಡಿದವನ ಕೈಯಿಂದ ಕಾರ್ಯಾಗಾರ ಹೋಯಿತು. ನಿಮ್ಮ ಎಳೆಯ ಒಡೆಯನಿಗೆ ಸಾಲ ಕೊಡುವವರು ಯಾರು?

ವಸ್ತುವಿನ ಕೊರತೆಗಿಂತ ದೊಡ್ಡದು ಒಪ್ಪಿಗೆಯ ಕೊರತೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ನೂರಕ್ಕೆ ಹತ್ತನ್ನೂ ಮೀರುತ್ತಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಅಂಕಿಗಳು ಕಣ್ಣೆದುರಿಗಿದ್ದರೂ ಬಹುಪಾಲು ಸಹೋದ್ಯೋಗಿಗಳು ಒಪ್ಪಲಿಲ್ಲ. ತಮ್ಮ ಕೈಯೇ ಸಾವನ್ನು ಹೊತ್ತು ತಂದಿತೆಂದು ಒಪ್ಪಿಕೊಳ್ಳುವುದು ಯಾವ ವೈದ್ಯನಿಗೆ ಸುಲಭ? 1865ರಲ್ಲಿ ಆತ ಮಾನಸಿಕ ಚಿಕಿತ್ಸಾಲಯದಲ್ಲಿ ತೀರಿಕೊಂಡ. ಪದವಿಯಿದ್ದ, ವಯಸ್ಸಿಗೆ ಬಂದಿದ್ದ ವೈದ್ಯನ ಗತಿಯೇ ಇದು. ಆರು ವರ್ಷದ ಹುಡುಗ ಸೂಲಗಿತ್ತಿಗೆ ಕೈ ತೊಳೆಯಲು ಹೇಳಿದರೆ ಅವಳು ಏನೆಂದಾಳು? ಆ ಉತ್ತರವನ್ನು ಅವಳ ಬಾಯಿಂದ, ಅವಳ ಹೆಮ್ಮೆಯಿಂದ, ಅವಳು ಹಿಡಿದ ನೂರು ಹೆರಿಗೆಗಳ ಅನುಭವದಿಂದ ಬರೆಯಿರಿ.

ಈಗ ಎಲಾರನ ಕಡೆಗೆ ಬರೋಣ. ಅವನಿಗೆ ಗೊತ್ತಿರುವುದು ಜಮಾ-ಖರ್ಚಿನ ಜೋಡಿ ನಮೂದು, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಕ್ರಮ. ವೆನಿಸ್‌ನಲ್ಲಿ 1494ರಲ್ಲಿ ಲೂಕಾ ಪಾಚೋಲಿ ಅಚ್ಚು ಹಾಕಿಸಿ ವಿವರಿಸಿದ ಪದ್ಧತಿ. ಆದರೆ ಅವನ ಹೊಸ ಲೋಕದಲ್ಲಿ ಕಾಲಂ ಹಾಕಿದ ಪುಸ್ತಕವೇ ಇಲ್ಲ. ಪಾರುಪತ್ಯಗಾರ ಲೆಕ್ಕ ಇಡುವುದು ಕೋಲಿನ ಮೇಲೆ. ಎಷ್ಟು ಮೂಟೆಯೋ ಅಷ್ಟು ಕಚ್ಚು ಕೊರೆದು, ಕೋಲನ್ನು ಉದ್ದಕ್ಕೆ ಸೀಳಿ, ಕೊಟ್ಟವನಿಗೊಂದು ಸೀಳು, ಪಡೆದವನಿಗೊಂದು ಸೀಳು. ಎರಡನ್ನೂ ಕೂಡಿಸಿದಾಗ ಕಚ್ಚುಗಳು ಹೊಂದಿದರೆ ಲೆಕ್ಕ ಸರಿ. ಇದನ್ನು ಕೀಳೆಂದು ಬಗೆಯಬೇಡಿ. ಓದು ಬರಹ ಬಾರದವನಿಗೂ ಮೋಸ ಮಾಡಲಾಗದ ಪತ್ರ ಅದು. ಇಂಗ್ಲೆಂಡಿನ ಖಜಾನೆ ಇಂಥ ಕೋಲುಗಳನ್ನು 1826ರವರೆಗೂ ಬಳಸಿತು. 1834ರಲ್ಲಿ ಹಳೆಯ ಕೋಲುಗಳನ್ನು ಒಲೆಗೆ ಹಾಕಿ ಸುಡುವಾಗ ಬೆಂಕಿ ಹಬ್ಬಿ ಪಾರ್ಲಿಮೆಂಟಿನ ಕಟ್ಟಡವೇ ಉರಿದುಹೋಯಿತು.

ಎಲಾರ ಮೊದಲು ಮಾಡಬೇಕಾದದ್ದು ಆ ಕೋಲುಗಳನ್ನು ಓದಲು ಕಲಿಯುವುದು. ತಾನು ತಂದದ್ದನ್ನು ಹೇರುವುದಕ್ಕಿಂತ ಮೊದಲು ಅಲ್ಲಿರುವುದರ ಜಾಣತನವನ್ನು ಅರಿಯುವುದು. ಈ ಒಂದು ಬದಲಾವಣೆ ನಿಮ್ಮ ನಾಯಕನನ್ನು ಸಾವಿರ ನಾಯಕರಿಂದ ಬೇರೆಯಾಗಿಸುತ್ತದೆ. ಎಂಟು ತುಂಬುವ ಹೊತ್ತಿಗೆ ಅವನಿಗೆ ಕೋಲಿನ ಭಾಷೆ ಬರುತ್ತದೆ, ಮನಸ್ಸಿನಲ್ಲೇ ಎರಡು ಸಲ ಕೂಡುವ ಹಳೆಯ ಅಭ್ಯಾಸ ಎದ್ದು ಕೂರುತ್ತದೆ. ಪ್ರತಿ ಸುಗ್ಗಿಯಲ್ಲೂ ಒಂದಿಷ್ಟು ಮೂಟೆ ಉಗ್ರಾಣಕ್ಕೆ ಬಂದೇ ಇಲ್ಲವೆಂದು ಗೊತ್ತಾಗುತ್ತದೆ. ಪಾರುಪತ್ಯಗಾರ ಕದಿಯುತ್ತಿದ್ದಾನೆ. ಇನ್ನೂ ಕೆದಕಿದಾಗ, ಆ ಧಾನ್ಯ ಬರಗಾಲಕ್ಕೆಂದು ಹಳ್ಳಿಯವರ ನೆಲಮಾಳಿಗೆಗಳಲ್ಲಿ ಬಚ್ಚಿಟ್ಟದ್ದು ಎಂದು ತಿಳಿಯುತ್ತದೆ.

ಬಾಯಿ ಬಿಟ್ಟರೆ ಅಪ್ಪ ಆ ಮುದುಕನನ್ನು ನೇಣಿಗೆ ಹಾಕುತ್ತಾನೆ. ಸುಮ್ಮನಿದ್ದರೆ, ಸುಳ್ಳು ಲೆಕ್ಕವೊಂದಕ್ಕೆ ಮತ್ತೊಮ್ಮೆ ಸಹಿ ಹಾಕಿದಂತೆ. ಹಿಂದಿನ ಬದುಕಿನ ಗಾಯ ಹೊಸ ಬದುಕಿನಲ್ಲಿ ಬೇರೆ ಮುಖ ಹೊತ್ತು ಬಂದು ನಿಲ್ಲುವುದೆಂದರೆ ಹೀಗೆ. ನೀವು ಯಾವ ಕಸುಬನ್ನೇ ಆರಿಸಿಕೊಂಡಿರಲಿ, ಇಂಥ ಒಂದು ಸಂದರ್ಭ ಸಿಗುವ ತನಕ ಬರೆಯಲು ಕೂರಬೇಡಿ. ಅದು ಸಿಕ್ಕಿದ ದಿನ ಕಾದಂಬರಿ ಸಿಕ್ಕಿತೆಂದೇ ತಿಳಿಯಿರಿ.

ಮಂತ್ರಶಕ್ತಿಗೂ ಇದೇ ನಿಯಮ. ಅದಕ್ಕೊಂದು ಬೆಲೆ ಇರಲಿ, ಆ ಬೆಲೆಯನ್ನು ತೆರುವವರು ಯಾರೆಂದು ಓದುಗರಿಗೆ ಕಾಣಲಿ. ಒಡೆಯರ ಮಕ್ಕಳಿಗೆ ಮಾತ್ರ ಮಂತ್ರ ಕಲಿಸುತ್ತಾರೆಂದರೆ ಅದು ರಕ್ತದ ಗುಣವೋ, ಗುರುವಿಗೆ ಕೊಡಲು ಹಣವಿದ್ದುದರ ಫಲವೋ? ಇದಕ್ಕಿಂತ ಹೆಚ್ಚಿನ ಮಂತ್ರಶಾಸ್ತ್ರ ಮೊದಲ ಸಂಪುಟಕ್ಕೆ ಬೇಕಿಲ್ಲ.

ಏಳನೆಯ ಹೆಜ್ಜೆ: ನೀನು, ನೀವು

ಇಂಗ್ಲಿಷಿನಲ್ಲಿ ಈ ಪ್ರಕಾರವನ್ನು ಓದಿ ಕನ್ನಡದಲ್ಲಿ ಬರೆಯುವವರು ಕೈಯಲ್ಲಿದ್ದ ನಿಧಿಯನ್ನು ಚೆಲ್ಲುತ್ತಾರೆ. ಅಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ಇಲ್ಲಿ ಪ್ರತಿ ಮಾತಿಗೂ ನಾವು ತೀರ್ಮಾನಿಸಬೇಕು: ಯಾರು ಯಾರಿಗೆ ‘ನೀನು’, ಯಾರು ಯಾರಿಗೆ ‘ನೀವು’?

ಎಲಾರನ ಒಳಗಿನ ಲೆಕ್ಕಪರಿಶೋಧಕನಿಗೆ ನರೆತ ತಲೆ ಕಂಡರೆ ‘ನೀವು’ ಎನ್ನುವುದು ರೂಢಿ. ಹೊಸ ಮನೆಯಲ್ಲಿ ಎಪ್ಪತ್ತರ ಕುದುರೆಯಾಳಿಗೂ ಅವನು ‘ನೀನು’ ಎನ್ನಬೇಕು. ಒಂದು ದಿನ ಬಾಯಿ ತಪ್ಪಿ ‘ನೀವು ಕೂತುಕೊಳ್ಳಿ’ ಎನ್ನುತ್ತಾನೆ. ಮುದುಕನಿಗೆ ಸಂತೋಷವಾಗುವುದಿಲ್ಲ, ಹೆದರಿಕೆಯಾಗುತ್ತದೆ. ಚಿಕ್ಕ ಒಡೆಯರು ತನ್ನನ್ನು ಅಣಕಿಸುತ್ತಿದ್ದಾರೆಯೇ, ಇಲ್ಲವೇ ತನ್ನಿಂದ ತಪ್ಪಾಯಿತೇ ಎಂದು. ನೋಡಿದ ಅಣ್ಣ ಊಟದ ಹೊತ್ತಿಗೆ ಅಪ್ಪನಿಗೆ ಹೇಳುತ್ತಾನೆ. ಒಂದು ಸರ್ವನಾಮದಿಂದ ಒಂದು ಅಧ್ಯಾಯ.

ದಾದಿಯನ್ನು ನೋಡಿ. ಎಲ್ಲರೆದುರು ಅವಳು ‘ಚಿಕ್ಕ ಒಡೆಯರು ಹಾಲು ಕುಡಿಯಬೇಕು’ ಎನ್ನುತ್ತಾಳೆ. ಬಾಗಿಲು ಮುಚ್ಚಿದ ಮೇಲೆ, ‘ಕುಡಿ ಕಂದ, ಆರಿಹೋಗುತ್ತದೆ.’ ಆ ಬಾಗಿಲು ಮುಚ್ಚುವ ಸದ್ದಿನಲ್ಲೇ ಇಡೀ ಮನೆಯ ವ್ಯವಸ್ಥೆ ಇದೆ. ಹುಡುಗನಿಗೆ ಹತ್ತು ತುಂಬಿದ ಮೇಲೊಂದು ದಿನ ಬಾಗಿಲು ಮುಚ್ಚಿದ ಬಳಿಕವೂ ಅವಳು ‘ತಾವು’ ಎಂದರೆ, ಓದುಗರ ಎದೆ ತಾನಾಗಿಯೇ ಕಲಕುತ್ತದೆ. ನೀವು ಅದನ್ನು ವಿವರಿಸುವ ಅಗತ್ಯವೇ ಇಲ್ಲ.

ನಿರೂಪಣೆಯಲ್ಲಿ ನಾಯಕ ‘ಅವನು’ ಆಗಿರಲಿ. ತಂದೆ ‘ಅವನು’ ಆಗಬೇಕೋ ‘ಅವರು’ ಆಗಬೇಕೋ ಎಂಬುದನ್ನು ಹುಡುಗನ ಮನಸ್ಸಿನಲ್ಲಿ ತಂದೆಗಿರುವ ಸ್ಥಾನ ನೋಡಿ ನಿರ್ಧರಿಸಿ. ಆ ಸ್ಥಾನ ಬದಲಾದ ಕ್ಷಣದಲ್ಲಿ ಸರ್ವನಾಮವೂ ಬದಲಾಗಬಹುದು. ಇಡೀ ಪುಸ್ತಕದಲ್ಲಿ ಒಂದೇ ಒಂದು ಸಲ.

ಹೆಸರಿಡುವಾಗ ವಿಭಕ್ತಿ ಹಚ್ಚಿ ನೋಡಿ. ವ್ಯಂಜನದಲ್ಲಿ ಮುಗಿಯುವ ಉದ್ದನೆಯ ವಿದೇಶಿ ಹೆಸರುಗಳಿಗೆ ‘ನನ್ನು’, ‘ನಿಂದ’ ಸೇರಿದಾಗ ವಾಕ್ಯ ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತದೆ. ಎಲಾರನು, ಎಲಾರನನ್ನು, ಎಲಾರನಿಗೆ, ಎಲಾರನಿಂದ: ಸ್ವರದಲ್ಲಿ ಮುಗಿಯುವ ಹೆಸರು ಕನ್ನಡದ ನಾಲಿಗೆಯ ಮೇಲೆ ಸಲೀಸಾಗಿ ಹರಿಯುತ್ತದೆ. ನಾನು ಈ ಹೆಸರನ್ನು ಆರಿಸಿಕೊಂಡದ್ದೇ ಆ ಕಾರಣಕ್ಕೆ. ಐದು ನೂರು ಪುಟ ಆ ಹೆಸರಿನ ಜೊತೆ ಬದುಕಬೇಕಾದವರು ನೀವು.

ಎಂಟನೆಯ ಹೆಜ್ಜೆ: ಗುಟ್ಟು ಕೇಳುವ ಕಿವಿ

ಪಂಪನ ಶ್ರೀಮತಿ ಮೂರ್ಛೆ ತಿಳಿದೆದ್ದ ಮೇಲೆ ತನ್ನ ಹಿಂದಿನ ಜನ್ಮದ ಕಥೆಯನ್ನು ಹೇಳಿಕೊಳ್ಳುವುದು ಪಂಡಿತೆ ಎಂಬ ದಾದಿಯೊಡನೆ. ಆ ಕಥೆಯನ್ನು ಚಿತ್ರಪಟವಾಗಿ ಬರೆದು ಅವಳ ಕೈಗೇ ಕೊಡುತ್ತಾಳೆ. ದಾದಿ ಅದನ್ನು ಜಿನಾಲಯಕ್ಕೆ ಒಯ್ದು ತೋರಿಸುತ್ತಾಳೆ. ಲಲಿತಾಂಗನೇ ಮರುಹುಟ್ಟಿ ಬಂದ ವಜ್ರಜಂಘನಿಗೆ ಅದನ್ನು ಕಂಡು ತನ್ನ ಹಿಂದಿನ ಭವ ನೆನಪಾಗುತ್ತದೆ. ತಾಯಿ ತಂದೆಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಒಂದು ಕಿವಿ ಬೇಕು, ಹೊತ್ತೊಯ್ಯಲು ಒಂದು ಕೈ ಬೇಕು.

ನಿಮ್ಮ ನಾಯಕ ತನ್ನ ಗುಟ್ಟನ್ನು ಯಾರಿಗೆ ಹೇಳುತ್ತಾನೆ? ಯಾರಿಗೂ ಹೇಳುವುದಿಲ್ಲ ಎಂಬುದು ಹಲವು ಕಥೆಗಳ ಉತ್ತರ. ಅದರಿಂದಾಗಿಯೇ ಆ ನಾಯಕರು ಕೊನೆಯವರೆಗೂ ಒಂಟಿಯಾಗಿ, ಒಣಗಿಕೊಂಡೇ ಇರುತ್ತಾರೆ. ಹೇಳುವ ದೃಶ್ಯ ಕಾದಂಬರಿಯ ಕೊನೆಯ ಭಾಗದಲ್ಲಿ ಬರಬಹುದು, ಆದರೆ ನೀವು ಅದನ್ನು ಎಲ್ಲಕ್ಕಿಂತ ಮೊದಲು ಬರೆದಿಟ್ಟುಕೊಳ್ಳಿ. ಕೇಳಿದವರು ಕೇಳುವ ಮೊದಲ ಪ್ರಶ್ನೆ ಏನೆಂದು ನಿಮಗೆ ಗೊತ್ತಿದ್ದರೆ ಮಿಕ್ಕ ಅಧ್ಯಾಯಗಳಿಗೆ ದಿಕ್ಕು ಸಿಗುತ್ತದೆ.

ಎಲಾರ ಹೇಳುವುದು ದಾದಿಗೆ, ಪಾರುಪತ್ಯಗಾರನ ವಿಚಾರಣೆಯ ಹಿಂದಿನ ರಾತ್ರಿ. ತಾನು ಮೊದಲು ಬೇರೊಬ್ಬನಾಗಿದ್ದೆ, ಬೇರೆ ಲೋಕದಲ್ಲಿ ಮುಪ್ಪಿನ ಹೊಸ್ತಿಲಿನವರೆಗೆ ಬದುಕಿದ್ದೆ, ಒಂದು ಸುಳ್ಳಿಗೆ ಸಹಿ ಹಾಕಿದ್ದೆ ಎಂದು. ಅವಳು ಬಹಳ ಹೊತ್ತು ಮಾತಾಡುವುದಿಲ್ಲ. ದೀಪದ ಬತ್ತಿ ಚಾಚುತ್ತಾಳೆ, ಬಾಗಿಲು ಮುಚ್ಚಿದೆಯೇ ಎಂದು ನೋಡಿ ಬರುತ್ತಾಳೆ. ಆಮೇಲೆ ಕೇಳುತ್ತಾಳೆ: “ಅಲ್ಲಿ ನಿನ್ನನ್ನು ಎತ್ತಿ ಆಡಿಸಿದವಳು ಯಾರು, ಕಂದ?”